ರೈಲು ನೋಡುವ ಹುಚ್ಚು ಹಿಡಿಸಿಕೊಳ್ಳುವುದು ಹೇಗೆ? ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿಯವರಿಗೆ ಒಂದು ಮಾರ್ಗದರ್ಶಿ

ರೈಲು ನೋಡೋದು ನನ್ನ ಹವ್ಯಾಸ ಅಂತ ಗೊತ್ತಾದಾಗಿನಿಂದ ಕೇಳುವವರ ಪ್ರಶ್ನೆಗಳು ಹೆಚ್ಚು ಕಡಿಮೆ ಅವೇ. ಎಲ್ಲಿ ನಿಲ್ಲಬೇಕು? ಪೊಲೀಸರು ಹಿಡಿಯಲ್ವಾ? ದೊಡ್ಡ ಕ್ಯಾಮೆರಾ ಬೇಕಾ? ಕೊನೆಗೆ ಸ್ವಲ್ಪ ದನಿ ತಗ್ಗಿಸಿ ಇನ್ನೊಂದು: ಊರಿಗೆ ಹೋಗೋದಿಲ್ಲ, ಯಾರನ್ನೂ ಕಳಿಸೋಕೂ ಬಂದಿಲ್ಲ, ಸುಮ್ನೆ ರೈಲು ನೋಡಿ ಮಾಡೋದೇನು?

ಕೊನೆಯ ಪ್ರಶ್ನೆಗೆ ಉತ್ತರ ಹೇಳಿ ಒಪ್ಪಿಸೋಕೆ ಆಗಲ್ಲ. ಮೂರ್ನಾಲ್ಕು ಸಲ ಹೋಗಿ ನೋಡಿ, ಹಿಡಿಸಿದರೆ ಹಿಡಿಸಿತು. ಉಳಿದದ್ದಕ್ಕೆ ಮಾತ್ರ ಇಲ್ಲಿ ಸರಿಯಾದ ಉತ್ತರ ಇದೆ.

ಒಂದು ಮಾತು ಮೊದಲೇ ಹೇಳಬೇಕು. ಈ ಹುಚ್ಚಿಗೆ ನಮ್ಮ ಕಡೆಯಷ್ಟು ಅನುಕೂಲ ಇರುವ ಊರುಗಳು ಕಡಿಮೆ. ನೈಋತ್ಯ ರೈಲ್ವೆಯ ಕೇಂದ್ರ ಕಚೇರಿ 2003ರಿಂದ ಹುಬ್ಬಳ್ಳಿಯಲ್ಲೇ ಇದೆ. ಹುಬ್ಬಳ್ಳಿಯಿಂದ ಒಂದು ಹಳಿ ಧಾರವಾಡ, ಲೋಂಡಾ ಕಡೆ ಹೋಗುತ್ತದೆ. ಒಂದು ಅಣ್ಣಿಗೇರಿ, ಗದಗ ಕಡೆ. ಇನ್ನೊಂದು ಕುಂದಗೋಳ, ಹಾವೇರಿ, ರಾಣೆಬೆನ್ನೂರು ಕಡೆ. ಗದಗ ಮತ್ತೆ ಜಂಕ್ಷನ್, ಅಲ್ಲಿಂದ ಒಂದು ಕವಲು ಹೊಸಪೇಟೆಗೆ, ಒಂದು ಬಾದಾಮಿ, ವಿಜಯಪುರದ ಕಡೆಗೆ. ಅಂದರೆ ಈ ಮೂರು ಜಿಲ್ಲೆಗಳಲ್ಲಿ ಎಲ್ಲೇ ಇದ್ದರೂ ರೈಲಿಗಾಗಿ ಬಹಳ ದೂರ ಅಲೆಯಬೇಕಿಲ್ಲ.

ಏನೇನು ಬೇಕು

ಜೇಬಲ್ಲಿ ಹಿಡಿಯುವ ನೋಟ್‌ಬುಕ್, ಪೆನ್ನು, ಸೆಕೆಂಡ್ ಮುಳ್ಳಿರುವ ಗಡಿಯಾರ (ಫೋನಿನ ಸ್ಟಾಪ್‌ವಾಚ್ ಆದರೂ ಸಾಕು), ನೀರಿನ ಬಾಟಲಿ, ಬೇಸಿಗೆಯಾದರೆ ಟೋಪಿ. ಫೋನಿನಲ್ಲಿ ಎನ್‌ಟಿಇಎಸ್ ಆ್ಯಪ್ ಹಾಕಿಕೊಳ್ಳಿ. ಇದು ಯಾವ ಗಾಡಿ ಎಲ್ಲಿದೆ, ಎಷ್ಟು ತಡ ಅಂತ ತೋರಿಸುವ ರೈಲ್ವೆಯದೇ ಆ್ಯಪ್.

ಕ್ಯಾಮೆರಾ ಬೇಡ. ಮೊದಲ ದಿನವೇ ದುಬಾರಿ ಕ್ಯಾಮೆರಾ ಹಿಡಿದು ಬಂದವರು ರೈಲಿಗಿಂತ ಅದರ ಪರದೆ ನೋಡೋದೇ ಜಾಸ್ತಿ. ಗಾಡಿ ಹೋದ ಮೇಲೆ ಎಂಜಿನ್ ನಂಬರ್ ಏನಿತ್ತು ಅಂದರೆ ತಲೆ ಕೆರೆದುಕೊಳ್ಳುತ್ತಾರೆ.

1. ಒಂದೇ ಒಂದು ಜಾಗ ಆರಿಸಿಕೊಳ್ಳಿ

ಹೊಸಬರು ಎಡವುವುದು ಇಲ್ಲೇ. ಇವತ್ತು ಹುಬ್ಬಳ್ಳಿ, ನಾಳೆ ಗದಗ, ಮುಂದಿನ ವಾರ ಇನ್ನೆಲ್ಲೋ ಅಂತ ಓಡಾಡಿದರೆ ಏನೂ ತಲೆಯಲ್ಲಿ ನಿಲ್ಲಲ್ಲ. ಒಂದೇ ಸ್ಟೇಷನ್, ಒಂದೇ ಬೆಂಚು, ಸಾಧ್ಯವಾದರೆ ಒಂದೇ ಹೊತ್ತು ಇರಲಿ. ಆಗಲೇ ಇವತ್ತು ಏನು ಬೇರೆ ಅನ್ನೋದು ಕಣ್ಣಿಗೆ ಬೀಳೋದು.

ಹುಬ್ಬಳ್ಳಿಯವರಿಗೆ ಸಿದ್ಧಾರೂಢ ಸ್ವಾಮೀಜಿ ನಿಲ್ದಾಣವೇ ಸರಿ. ರಾತ್ರಿ ಬೆಂಗಳೂರು ಬಿಟ್ಟ ಗಾಡಿಗಳು ಬಂದು ಸೇರುವ ಬೆಳಗಿನ ಹೊತ್ತು ಚೆನ್ನಾಗಿರುತ್ತದೆ. ಇಲ್ಲಿನ 8ನೇ ಪ್ಲಾಟ್‌ಫಾರ್ಮ್ 1507 ಮೀಟರ್ ಉದ್ದ, ಜಗತ್ತಿನಲ್ಲೇ ಅತಿ ಉದ್ದದ್ದು. 2023ರ ಮಾರ್ಚ್ 12ರಂದು ಉದ್ಘಾಟನೆಯಾಯಿತು. ಅದಕ್ಕೆ ಮೊದಲು ಗೋರಖಪುರದ 1366 ಮೀಟರಿನ ಪ್ಲಾಟ್‌ಫಾರ್ಮ್‌ಗೆ ಆ ಹೆಸರಿತ್ತು. ಹೆಮ್ಮೆ ಪಡೋಣ, ಆದರೆ ಕಾಲಿನ ಲೆಕ್ಕವೂ ಇರಲಿ. ಈ ತುದಿಯಿಂದ ಆ ತುದಿಗೆ ಸಾಧಾರಣ ನಡಿಗೆಯಲ್ಲಿ 18ರಿಂದ 20 ನಿಮಿಷ ಬೇಕು. 24 ಬೋಗಿಯ ಗಾಡಿಯೂ ಸುಮಾರು 600 ಮೀಟರ್ ಆಗುತ್ತದೆ ಅಷ್ಟೇ. ನೀವು ಈ ತುದಿಯಲ್ಲಿ ಕಾಯುತ್ತಿದ್ದು, ಗಾಡಿ ಆ ತುದಿಯಲ್ಲಿ ನಿಂತರೆ ಎಂಜಿನ್ ನೋಡೋ ಆಸೆ ಬಿಡಬೇಕಾಗುತ್ತದೆ. ಯಾವ ಕಡೆ ನಿಲ್ಲುತ್ತದೆ ಅಂತ ಮೊದಲೇ ಕೂಲಿಗಳನ್ನೋ ಚಹಾದವರನ್ನೋ ಕೇಳಿ. ಬೋರ್ಡಿಗಿಂತ ಅವರಿಗೆ ಚೆನ್ನಾಗಿ ಗೊತ್ತಿರುತ್ತದೆ.

ಗೂಡ್ಸ್ ಗಾಡಿ ಇಷ್ಟಪಡುವವರಿಗೆ ಗದಗ. ಗೋವಾದ ಮುರ್ಮಗೋವಾ ಬಂದರಿನಿಂದ ತೋರಣಗಲ್ಲಿನ ಉಕ್ಕಿನ ಕಾರ್ಖಾನೆ ಕಡೆಗೆ ಹೋಗುವ ಕಲ್ಲಿದ್ದಲು ಈ ದಾರಿಯಲ್ಲೇ ಸಾಗುತ್ತದೆ. ಹೊಸಪೇಟೆ ಕಡೆಗೆ ತುಂಬಿದ ವ್ಯಾಗನ್, ವಾಪಸ್ ಖಾಲಿ ವ್ಯಾಗನ್. ಕೆಲವು ದಿನ ಕಳೆದರೆ ಕಣ್ಣು ಮುಚ್ಚಿಕೊಂಡೇ ಹೇಳಬಹುದು. ತುಂಬಿದ್ದು ನೆಲ ಅದುರಿಸಿಕೊಂಡು ಗಂಭೀರವಾಗಿ ಹೋಗುತ್ತದೆ, ಖಾಲಿಯದು ಲಟಲಟ ಅಂತ ಗದ್ದಲ ಮಾಡುತ್ತದೆ.

ಹಾವೇರಿ ಕಡೆ ಜೋಡಿ ಹಳಿ ಇದೆ. ಗಾಡಿಗಳು ಒಂದಕ್ಕೊಂದು ಕಾಯದೆ ಓಡುತ್ತವೆ, ವೇಗ ನೋಡಬೇಕು ಅನ್ನುವವರಿಗೆ ಹೇಳಿ ಮಾಡಿಸಿದ್ದು. ಬ್ಯಾಡಗಿಯಲ್ಲಿ ಮೆಣಸಿನಕಾಯಿ ಸೀಸನ್ನಿಗೆ ಹೋದರೆ ಕರ್ಚೀಫ್ ಇಟ್ಟುಕೊಂಡಿರಿ. ಗಾಳಿ ಈ ಕಡೆ ಬೀಸಿದರೆ ಸೀನು ಗ್ಯಾರಂಟಿ.

2. ಟಿಕೆಟ್, ಕಾನೂನು, ಕರೆಂಟು

ಪ್ಲಾಟ್‌ಫಾರ್ಮ್ ಟಿಕೆಟ್ 10 ರೂಪಾಯಿ. ಎರಡು ತಾಸು ಮಾತ್ರ ನಡೆಯುತ್ತದೆ. ಹೆಚ್ಚು ಹೊತ್ತು ಕೂರಬೇಕಾದರೆ ಹೋಗಿ ಇನ್ನೊಂದು ತೆಗೆದುಕೊಳ್ಳಿ. "ಸ್ವಲ್ಪ ಹೊತ್ತು ಜಾಸ್ತಿ ಆದ್ರೆ ಏನ್ ಆಗ್ತದ" ಅನ್ನೋದು ಬೇಡ. ಟಿಸಿ ಕೈಗೆ ಸಿಕ್ಕರೆ ಆ ದಿನದ ಖುಷಿಯೆಲ್ಲ ದಂಡಕ್ಕೆ ಹೋಗುತ್ತದೆ.

ಹಳಿ ಮೇಲೆ ಇಳಿಯಬೇಡಿ. ಒಂದು ಫೋಟೋಗೂ ಬೇಡ, ಒಂದು ನಿಮಿಷಕ್ಕೂ ಬೇಡ. 1989ರ ರೈಲ್ವೆ ಕಾಯ್ದೆಯ 147ನೇ ಕಲಂ ಪ್ರಕಾರ ಅದು ಅತಿಕ್ರಮ ಪ್ರವೇಶ. ಆರು ತಿಂಗಳವರೆಗೆ ಜೈಲು, ಇಲ್ಲವೇ 1000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಮಳೆಗಾಲದಲ್ಲಿ ದೂಧಸಾಗರ ನೋಡೋಕೆ ಹಳಿ ಹಿಡಿದು ನಡೆಯುವವರಿಗೂ ಇದೇ ಕಾನೂನು.

ಕಾನೂನಿಗಿಂತ ದೊಡ್ಡದು ತಲೆಯ ಮೇಲಿನ ತಂತಿ. ಅದರಲ್ಲಿ 25,000 ವೋಲ್ಟ್ ಇರುತ್ತದೆ. ಮುಟ್ಟಲೇಬೇಕು ಅಂತಿಲ್ಲ, ತೀರಾ ಹತ್ತಿರ ಹೋದರೂ ಸಾಕು, ಎಳೆದುಕೊಳ್ಳುತ್ತದೆ. ಕನಿಷ್ಠ ಎರಡು ಮೀಟರ್ ದೂರ ಇರಬೇಕು. ನಿಂತ ಗೂಡ್ಸ್ ವ್ಯಾಗನ್ ಮೇಲೆ ಹತ್ತುವುದು, ಓವರ್‌ಬ್ರಿಡ್ಜಿನಿಂದ ಸೆಲ್ಫಿ ಕಡ್ಡಿ ಕೆಳಗೆ ಚಾಚುವುದು, ತಂತಿಯ ಕೆಳಗೆ ಉದ್ದನೆಯ ಕೋಲು ಎತ್ತುವುದು, ಇವು ಜೀವಕ್ಕೇ ಬರುವ ಕೆಲಸಗಳು. ಗದಗ-ಹುಬ್ಬಳ್ಳಿ ಮಾರ್ಗಕ್ಕೆ ಕರೆಂಟು ಬಂದು ಬಹಳ ವರ್ಷವೇನೂ ಆಗಿಲ್ಲ. ಮೊದಲಿನ ರೂಢಿಯಲ್ಲೇ ಇರುವವರು ಹಳ್ಳಿಗಳ ಕಡೆ ಇನ್ನೂ ಇದ್ದಾರೆ, ಮಕ್ಕಳಿಗಂತೂ ಬಿಡಿಸಿ ಹೇಳಿ.

ಇನ್ನೊಂದು ವಿಷಯ ಬಹಳ ಜನಕ್ಕೆ ಗೊತ್ತಿಲ್ಲ. ಓಡುವ ಗಾಡಿಯ ಎದುರು ಕೆಂಪು ಬಟ್ಟೆ ಬೀಸಬೇಡಿ. ಕೆಂಪು ಟವೆಲ್, ಕೆಂಪು ಛತ್ರಿ ಯಾವುದೂ ಬೇಡ. ಅಪಾಯ ಇದೆ, ನಿಲ್ಲಿಸು ಅನ್ನೋದಕ್ಕೆ ಅದೇ ಗುರುತು. ಎರಡೂ ಕೈ ಜೋರಾಗಿ ಬೀಸುವುದೂ ಹಾಗೇ. ಲೋಕೊ ಪೈಲಟ್‌ಗೆ ನಮಸ್ಕಾರ ಹೇಳಬೇಕು ಅನಿಸಿದರೆ ಒಂದು ಕೈ ಮೆಲ್ಲಗೆ ಎತ್ತಿ. ಅವರೂ ಎಷ್ಟೋ ಸಲ ಕೈ ಎತ್ತುತ್ತಾರೆ.

ಆರ್‌ಪಿಎಫ್‌ನವರು, ಅಂದರೆ ರೈಲ್ವೆ ರಕ್ಷಣಾ ದಳದವರು, ಬಂದು ಕೇಳಿದರೆ ಗಾಬರಿಯಾಗಬೇಡಿ. ಟಿಕೆಟ್ ತೋರಿಸಿ, ನೋಟ್‌ಬುಕ್ ತೋರಿಸಿ, "ಎಂಜಿನ್ ನಂಬರ್ ಬರ್ಕೊಳ್ಳೋ ಹವ್ಯಾಸ ಐತ್ರಿ ಸರ್" ಅಂತ ಇದ್ದದ್ದು ಇದ್ದಂಗೆ ಹೇಳಿ. ಫೋಟೋ ಬೇಡ ಅಂದರೆ ಅಲ್ಲಿಗೇ ಬಿಡಿ. ವಾದ ಬೇಡ, ಮುಂದಿನ ವಾರವೂ ಅದೇ ಬೆಂಚಿನ ಮೇಲೆ ಕೂರುವವರು ನೀವೇ ತಾನೆ?

3. ಎಂಜಿನ್ ಓದುವುದು ಕಲಿಯಿರಿ

ಈ ಹವ್ಯಾಸದ ಅರ್ಧ ಮಜಾ ಇಲ್ಲಿದೆ. ಎಂಜಿನ್ನಿನ ಮೈಮೇಲೆ ಇಂಗ್ಲಿಷ್ ಅಕ್ಷರಗಳಲ್ಲಿ ಡಬ್ಲ್ಯುಎಪಿ-7, ಡಬ್ಲ್ಯುಡಿಜಿ-4 ಅಂತ ಬರೆದಿರುತ್ತಾರೆ. ನೋಡೋಕೆ ಗುಪ್ತ ಭಾಷೆ, ಬಿಡಿಸಿದರೆ ತೀರಾ ಸುಲಭ.

ಮೊದಲ ಅಕ್ಷರ ಹಳಿಯ ಅಗಲ ಹೇಳುತ್ತದೆ. ಡಬ್ಲ್ಯು ಅಂದರೆ ಬ್ರಾಡ್‌ಗೇಜ್, ಎರಡು ಹಳಿಗಳ ನಡುವೆ 1676 ಮಿ.ಮೀ. ವೈ ಅಂದರೆ ಮೀಟರ್‌ಗೇಜ್, 1000 ಮಿ.ಮೀ. ಹುಬ್ಬಳ್ಳಿ, ಗದಗದಲ್ಲೆಲ್ಲ ಒಂದು ಕಾಲಕ್ಕೆ ಇದ್ದದ್ದು ಮೀಟರ್‌ಗೇಜೇ. ಮನೆಯಲ್ಲಿ ಹಿರಿಯರಿದ್ದರೆ ಕೇಳಿ, ಸಣ್ಣ ಗಾಡಿಯ ಕಥೆ ಒಂದಾದರೂ ಸಿಗುತ್ತದೆ.

ಎರಡನೇ ಅಕ್ಷರ ಯಾವುದರಿಂದ ಓಡುತ್ತದೆ ಅಂತ. ಡಿ ಬಂದರೆ ಡೀಸೆಲ್, ಎ ಬಂದರೆ ಎಸಿ ಕರೆಂಟು. ಮೂರನೆಯದು ಕೆಲಸ: ಪಿ ಅಂದರೆ ಪ್ಯಾಸೆಂಜರ್, ಜಿ ಅಂದರೆ ಗೂಡ್ಸ್, ಎಂ ಅಂದರೆ ಎರಡಕ್ಕೂ ನಡೆಯುವಂಥದ್ದು. ಕೊನೆಯ ಅಂಕಿ ಮಾದರಿಯದು. ಈಗ ಡಬ್ಲ್ಯುಎಜಿ-9 ಅಂದರೆ ಏನು ಅಂತ ನೀವೇ ಹೇಳಿ. ಬ್ರಾಡ್‌ಗೇಜ್, ಕರೆಂಟು, ಗೂಡ್ಸ್, ಮಾದರಿ 9. ಅಷ್ಟೇ.

ಅದರ ಜೊತೆ ಐದಂಕಿಯ ನಂಬರ್ ಇರುತ್ತದೆ. ಅದು ಆ ಒಂದು ಎಂಜಿನ್ನಿನ ಸ್ವಂತ ಗುರುತು, ಅದನ್ನೇ ಬರೆದುಕೊಳ್ಳಬೇಕು. ಪಕ್ಕದಲ್ಲಿ ಶೆಡ್ಡಿನ ಹೆಸರು ಅಥವಾ ಸಂಕೇತ. ಶೆಡ್ ಅಂದರೆ ಎಂಜಿನ್ನಿನ ತವರು ಮನೆ. ಎಲ್ಲಿ ತಿರುಗಾಡಿದರೂ ರಿಪೇರಿಗೆ, ತಪಾಸಣೆಗೆ ಅಲ್ಲಿಗೇ ಹೋಗಬೇಕು. ಯುಬಿಎಲ್ ಅಂದರೆ ನಮ್ಮ ಹುಬ್ಬಳ್ಳಿ, ಕೆಜೆಎಂ ಅಂದರೆ ಬೆಂಗಳೂರಿನ ಕೃಷ್ಣರಾಜಪುರ. ಎಲ್ಲೋ ಉತ್ತರ ಭಾರತದ ಪ್ರವಾಸದಲ್ಲಿ ಯಾವುದೋ ಸ್ಟೇಷನ್ನಿನಲ್ಲಿ ಯುಬಿಎಲ್ ಅಂತ ಬರೆದ ಎಂಜಿನ್ ಕಂಡರೆ, ಪರವೂರಲ್ಲಿ ನಮ್ಮೂರ ಬಸ್ ಕಂಡಷ್ಟೇ ಖುಷಿ.

ಹುಬ್ಬಳ್ಳಿ ಶೆಡ್ಡಿಗೆ ಹೆಸರು ಬಂದದ್ದು ಡಬ್ಲ್ಯುಡಿಪಿ-4, ಡಬ್ಲ್ಯುಡಿಜಿ-4 ಡೀಸೆಲ್ ಎಂಜಿನ್‌ಗಳಿಂದ. ಮೂಲ ಅಮೆರಿಕದ ವಿನ್ಯಾಸ, 4000 ಅಶ್ವಶಕ್ತಿ. ಕರೆಂಟು ಬಂದ ಮೇಲೆ ಇವುಗಳ ಓಡಾಟ ಕಡಿಮೆಯಾಗಿದೆ. ಸಿಕ್ಕಾಗ ಹತ್ತಿರದ ಬೆಂಚಿನ ಮೇಲೆ ಕುಳಿತು ಕಿವಿಗೊಡಿ. ನಿಂತಲ್ಲೇ ಗುಡುಗುಡು ಅಂತಿರುತ್ತದೆ, ಬೆಂಚಿನ ಹಲಗೆಗೂ ಆ ನಡುಕ ತಟ್ಟುತ್ತದೆ. ಹೊರಡುವಾಗ ಆ ದನಿ ಮೆಲ್ಲಗೆ ಏರುತ್ತಾ ಹೋಗುತ್ತದೆ, ಗಾಡಿ ಕದಲುವುದು ಅದಾದ ಮೇಲೆ. ಕರೆಂಟಿನ ಎಂಜಿನ್ನಿನಲ್ಲಿ ಈ ಸಂಭ್ರಮ ಇಲ್ಲ. ಫ್ಯಾನು ಸುಂಯ್ ಅನ್ನುತ್ತದೆ, ಗಾಡಿ ಹೊರಟೇಬಿಡುತ್ತದೆ. ಹೊಗೆ ಇಲ್ಲ, ಒಳ್ಳೆಯದೇ. ಆದರೂ ನನ್ನ ಓಟು ಡೀಸೆಲ್ಲಿಗೆ.

ಎಚ್ಚರಿಕೆ: ಬಣ್ಣ ನೋಡಿ ಎಂಜಿನ್ ಗುರುತು ಹಿಡಿಯಲು ಹೋಗಬೇಡಿ. ಒಂದೊಂದು ಶೆಡ್ಡಿನದು ಒಂದೊಂದು ಬಣ್ಣ, ಮೇಲೆ ಜಾಹೀರಾತು ಬೇರೆ. ಅಕ್ಷರ ಮತ್ತು ನಂಬರ್ ಮಾತ್ರ ನಂಬಿ.

ವಂದೇ ಭಾರತ್‌ಗೆ ಬೇರೆ ಎಂಜಿನ್ನೇ ಇಲ್ಲ, ಶಕ್ತಿ ಬೋಗಿಗಳಲ್ಲೇ ಇರುತ್ತದೆ. 2023ರ ಜೂನ್ 27ರಂದು ಬೆಂಗಳೂರು-ಧಾರವಾಡ ನಡುವೆ ಶುರುವಾದಾಗ ಪ್ಲಾಟ್‌ಫಾರ್ಮ್ ತುಂಬ ಫೋನುಗಳು. ಮಕ್ಕಳಿಗೆ ತೋರಿಸೋಕೆ ಚೆಂದ. ನಂಬರ್ ಬರೆಯುವವರಿಗೆ ಮಾತ್ರ ಸ್ವಲ್ಪ ಸಪ್ಪೆ.

4. ಬೋಗಿ, ವ್ಯಾಗನ್ ಓದುವುದು

ಬೋಗಿಯ ಮೇಲಿನ ನಂಬರಿನ ಮೊದಲ ಎರಡು ಅಂಕಿ ಅದು ತಯಾರಾದ ವರ್ಷ. 17 ಅಂತಿದ್ದರೆ 2017. ಇಷ್ಟು ಗೊತ್ತಾದರೆ ಮಕ್ಕಳನ್ನು ಅರ್ಧ ತಾಸು ಸುಮ್ಮನಿರಿಸಬಹುದು: ನೀನು ಹುಟ್ಟಿದ ವರ್ಷದ ಬೋಗಿ ಹುಡುಕು. ದೊಡ್ಡವರು ಮದುವೆಯಾದ ವರ್ಷದ್ದು ಹುಡುಕಲಿ. ಸಿಗದೆ ಹೋದರೆ ಸಂಗಾತಿಯ ಮುಂದೆ ಅದಕ್ಕೆ ಹೆಚ್ಚು ವಿವರಣೆ ಕೊಡಬೇಡಿ.

ನಮ್ಮ ಕಡೆ ಕಾಣುವ ಹಳೆಯ ನೀಲಿ ಬೋಗಿಗಳು ಸಾಮಾನ್ಯವಾಗಿ ಐಸಿಎಫ್ ಮಾದರಿ. ಐಸಿಎಫ್ ಅಂದರೆ ಚೆನ್ನೈನ ಪೆರಂಬೂರಿನ ಬೋಗಿ ಕಾರ್ಖಾನೆ, ಅದು ಇವುಗಳ ತಯಾರಿಕೆಯನ್ನು 2018ರಲ್ಲಿ ನಿಲ್ಲಿಸಿತು. ಕೆಂಪು ಬೋಗಿಗಳು ಎಲ್‌ಎಚ್‌ಬಿ, ಮೂಲ ಜರ್ಮನಿಯ ವಿನ್ಯಾಸ.

ಗೂಡ್ಸ್ ವ್ಯಾಗನ್ ಮೇಲೆ ಹನ್ನೊಂದು ಅಂಕಿಗಳಿರುತ್ತವೆ. ಎಲ್ಲ ಬೇಡ. ಐದನೇ ಮತ್ತು ಆರನೇ ಅಂಕಿ ತಯಾರಾದ ವರ್ಷ ಅಂತ ನೆನಪಿಟ್ಟುಕೊಂಡರೆ ಸಾಕು. ಕಲ್ಲಿದ್ದಲು ಒಯ್ಯುವ, ಮೇಲೆ ಮುಚ್ಚಳವಿಲ್ಲದ ವ್ಯಾಗನ್‌ಗೆ ಬಾಕ್ಸ್‌ಎನ್ ಅನ್ನುತ್ತಾರೆ. ಇಂಥ ಒಂದು ಗಾಡಿಯಲ್ಲಿ ಸಾಮಾನ್ಯವಾಗಿ 58 ಇಲ್ಲವೇ 59 ವ್ಯಾಗನ್. ಎಣಿಸಿ ನೋಡಿ. ನಡುವೆ ಯಾರಾದರೂ "ಟೈಮ್ ಎಷ್ಟ್ರಿ?" ಅಂತ ಕೇಳಿಯೇ ಕೇಳುತ್ತಾರೆ, ಲೆಕ್ಕ ತಪ್ಪುತ್ತದೆ. ಹತ್ತಕ್ಕೊಂದು ಬೆರಳು ಮಡಚುವುದು ಒಳ್ಳೆಯ ಉಪಾಯ.

ಕೊನೆಯ ಬೋಗಿಯ ಹಿಂದೆ ದೊಡ್ಡ ಗುಣಾಕಾರದ ಗುರುತು ಇರುತ್ತದೆ, ರಾತ್ರಿ ಮಿನುಗುವ ಕೆಂಪು ದೀಪ. ಅದು ಅಲಂಕಾರ ಅಲ್ಲ. ಅದು ಕಂಡರೆ ಗಾಡಿ ಪೂರ್ತಿ ಬಂದಿದೆ, ನಡುವೆ ಎಲ್ಲೂ ಬೋಗಿ ಕಳಚಿಲ್ಲ ಅಂತ ಸ್ಟೇಷನ್ನಿನವರಿಗೆ ಖಾತ್ರಿ.

5. ಸಿಗ್ನಲ್ ನೋಡಿ ಮುಂದಾಗುವುದು ಹೇಳಿ

ಹಸಿರು ಅಂದರೆ ಹೋಗು. ಎರಡು ಹಳದಿ ಅಂದರೆ ಎಚ್ಚರ, ಮುಂದೆ ವೇಗ ತಗ್ಗಿಸಬೇಕಾಗಬಹುದು. ಒಂದೇ ಹಳದಿ ಅಂದರೆ ಮುಂದಿನ ಸಿಗ್ನಲ್ ಕೆಂಪು, ನಿಲ್ಲೋಕೆ ತಯಾರಾಗು. ಕೆಂಪು ಎಲ್ಲರಿಗೂ ಗೊತ್ತು.

ಎನ್‌ಟಿಇಎಸ್ ಆ್ಯಪ್‌ನಲ್ಲಿ ಗೂಡ್ಸ್ ಗಾಡಿ ಕಾಣಿಸಲ್ಲ. ಅದನ್ನು ಹೇಳುವುದು ಸಿಗ್ನಲ್ಲೇ. ಸಣ್ಣ ಸ್ಟೇಷನ್ನಿನಲ್ಲಿ ಯಾವ ಗಾಡಿಯ ಹೊತ್ತೂ ಅಲ್ಲದಾಗ ಪ್ಲಾಟ್‌ಫಾರ್ಮ್ ತುದಿಯ ಸಿಗ್ನಲ್ ಹಸಿರಾಯಿತು ಅಂದರೆ ಎದ್ದು ನಿಲ್ಲಿ, ಏನೋ ಬರುತ್ತಿದೆ. ಹಳದಿ ಗೆರೆಯ ಹಿಂದೆ ನಿಲ್ಲಿ. ನಿಲ್ಲದೆ ಹೋಗುವ ಗಾಡಿಯ ಗಾಳಿ ಜೋರಾಗಿರುತ್ತದೆ.

ಗೇಟಿನ ಹತ್ತಿರ ನೋಡುವವರು ರಸ್ತೆಯ ಕಡೆ, ಗೇಟಿನ ಹಿಂದೆಯೇ ಇರಬೇಕು. ಜೋಡಿ ಹಳಿ ಇರುವಲ್ಲಿ ಒಂದು ಗಾಡಿ ಹೋಯಿತು ಅಂತ ನುಗ್ಗಬೇಡಿ, ಅದರ ಮರೆಯಲ್ಲೇ ಎದುರಿನಿಂದ ಇನ್ನೊಂದು ಬರುತ್ತಿರಬಹುದು.

6. ಬರೆದಿಡಿ, ಆದರೆ ಸ್ವಲ್ಪವೇ

ತಾರೀಕು, ಹೊತ್ತು, ಜಾಗ, ಗಾಡಿ ನಂಬರ್, ಎಂಜಿನ್ ಮಾದರಿ ಮತ್ತು ನಂಬರ್, ಶೆಡ್, ಎಷ್ಟು ತಡ. ಒಂದು ಗಾಡಿಗೆ ಒಂದು ಸಾಲು. ಕೊನೆಯಲ್ಲಿ ನಾಲ್ಕು ಪದಕ್ಕೆ ಜಾಗ ಬಿಡಿ: "ಜೋರು ಮಳೆ", "ಎರಡು ಎಂಜಿನ್", "ಗಾರ್ಡ್ ನಕ್ಕರು". ಆಮೇಲೆ ಓದುವಾಗ ರುಚಿ ಕೊಡುವುದು ಆ ನಾಲ್ಕು ಪದಗಳೇ.

ಗಾಡಿ ನಂಬರ್ ಐದಂಕಿಯದು. ಹೋಗೋದಕ್ಕೆ ಒಂದು, ಬರೋದಕ್ಕೆ ಅದರ ಜೋಡಿ. ಬೆಂಗಳೂರಿನಿಂದ ಬರುವ ರಾಣಿ ಚೆನ್ನಮ್ಮ 16589 ಆದರೆ ವಾಪಸ್ ಹೋಗುವುದು 16590. ಹುಬ್ಬಳ್ಳಿ ಸುತ್ತ 173 ಅಂತ ಶುರುವಾಗುವ ನಂಬರುಗಳು ಬಹಳ ಕಣ್ಣಿಗೆ ಬೀಳುತ್ತವೆ. ಸೊನ್ನೆಯಿಂದ ಶುರುವಾದರೆ ವಿಶೇಷ ಗಾಡಿ. ಹಬ್ಬ, ಜಾತ್ರೆ, ರಜೆಯ ದಿನಗಳಲ್ಲಿ ಇವು ಜಾಸ್ತಿ.

ಮೊದಲ ವಾರವೇ ಹತ್ತು ಬಣ್ಣದ ಪೆನ್ನು, ಕಂಪ್ಯೂಟರಿನಲ್ಲಿ ಪಟ್ಟಿ ಅಂತ ಶುರು ಮಾಡಬೇಡಿ. ಹಾಗೆ ಶುರು ಮಾಡಿದ್ದು ಮೂರನೇ ವಾರಕ್ಕೆ ನಿಲ್ಲುತ್ತದೆ.

7. ಗಾಡಿಯ ಒಳಗಿದ್ದಾಗ

ಕಿಟಕಿ ಪಕ್ಕ ಸೀಟು ಸಿಕ್ಕರೆ ಎರಡು ಆಟ ಆಡಬಹುದು.

ಒಂದು, ವೇಗ ಕಂಡುಹಿಡಿಯುವುದು. ಹಳಿ ಪಕ್ಕದ ಕರೆಂಟು ಕಂಬಗಳ ಮೇಲೆ ಸಂಖ್ಯೆ ಇರುತ್ತದೆ. ಒಂದು ಕಿಲೋಮೀಟರಿನದು, ಇನ್ನೊಂದು ಆ ಕಿಲೋಮೀಟರಿನೊಳಗೆ ಅದು ಎಷ್ಟನೇ ಕಂಬ ಅಂತ. ಕಿಲೋಮೀಟರ್ ಸಂಖ್ಯೆ ಬದಲಾದ ಕೂಡಲೇ ಸ್ಟಾಪ್‌ವಾಚ್ ಒತ್ತಿ, ಮತ್ತೆ ಬದಲಾದಾಗ ನಿಲ್ಲಿಸಿ. 3600 ಅನ್ನು ಆ ಸೆಕೆಂಡಿನಿಂದ ಭಾಗಿಸಿದರೆ ವೇಗ. 60 ಸೆಕೆಂಡ್ ಆದರೆ ತಾಸಿಗೆ 60 ಕಿ.ಮೀ., 45 ಆದರೆ 80, 36 ಆದರೆ 100. ಫೋನಿನ ಜಿಪಿಎಸ್ ಒಂದೇ ಚಿಟಿಕೆಗೆ ಹೇಳುತ್ತದೆ, ನಿಜ. ಆದರೆ ಎದುರು ಸೀಟಿನ ಅಜ್ಜ "ಏನ್ ಎಣಸಾಕತ್ತಿ ತಮ್ಮಾ?" ಅಂತ ಮಾತಿಗೆ ಇಳಿಯೋದು ಕಂಬ ಎಣಿಸುವಾಗ ಮಾತ್ರ.

ಎರಡು, ಎತ್ತರ ಬರೆದುಕೊಳ್ಳುವುದು. ಸ್ಟೇಷನ್ನಿನ ಹಳದಿ ಬೋರ್ಡಿನ ಮೇಲೆ ಊರ ಹೆಸರಿನ ಕೆಳಗೆ ಸಣ್ಣ ಅಕ್ಷರದಲ್ಲಿ ಸಮುದ್ರ ಮಟ್ಟದಿಂದ ಎಷ್ಟು ಮೀಟರ್ ಎತ್ತರ ಅಂತ ಬರೆದಿರುತ್ತಾರೆ. ಹುಬ್ಬಳ್ಳಿಯಿಂದ ಧಾರವಾಡಕ್ಕೆ ಹೋಗುವಾಗ ಉಣಕಲ್, ಅಮರಗೋಳ, ನವಲೂರು ಅಂತ ಒಂದೊಂದೇ ಬರೆದು ನೋಡಿ. ಗಾಡಿ ಎಷ್ಟು ಏರುತ್ತಿದೆ ಅನ್ನೋದು ಕಾಗದದ ಮೇಲೆ ಕಾಣುತ್ತದೆ. ಬೇಸಿಗೆಯಲ್ಲಿ ಧಾರವಾಡದವರು ಹುಬ್ಬಳ್ಳಿಯವರನ್ನು ಸೆಖೆ ವಿಷಯಕ್ಕೆ ಕಾಡಿಸುವುದಕ್ಕೂ ಒಂದು ಆಧಾರ ಸಿಕ್ಕಂತಾಯಿತು. ವೇಗದ ಗಾಡಿಯಲ್ಲಿ ಬೋರ್ಡು ಓದೋಕೆ ಆಗಲ್ಲ, ಎಲ್ಲ ಕಡೆ ನಿಲ್ಲುವ ಪ್ಯಾಸೆಂಜರ್ ಹತ್ತಿ. ಬಾಗಿಲಲ್ಲಿ ಜೋತುಬಿದ್ದು ಓದಬೇಡಿ.

8. ಮನೆಯವರನ್ನು ಸಂಭಾಳಿಸುವುದು

"ರೈಲ್ ನೋಡಾಕಂತ ಯಾರರ ಹೋಗ್ತಾರೇನು?" ಈ ಪ್ರಶ್ನೆ ಬಂದೇ ಬರುತ್ತದೆ. ವಾದ ಬೇಡ, ಒಂದು ಸಲ ಜೊತೆಗೆ ಕರೆದುಕೊಂಡು ಹೋಗಿ. ನೇರ ಪ್ಲಾಟ್‌ಫಾರ್ಮಿಗಲ್ಲ, ಹುಬ್ಬಳ್ಳಿಯ ಗದಗ ರಸ್ತೆಯಲ್ಲಿರುವ ರೈಲ್ವೆ ಮ್ಯೂಸಿಯಂಗೆ. 2020ರಲ್ಲಿ ಶುರುವಾದದ್ದು, ಸ್ಟೇಷನ್ನಿನ ಎರಡನೇ ಪ್ರವೇಶ ದ್ವಾರದ ಹತ್ತಿರವೇ ಇದೆ. ಹಳೆಯ ಕಾಲದ ರೈಲ್ವೆ ಸಾಮಾನುಗಳನ್ನೆಲ್ಲ ಅಲ್ಲಿ ಹತ್ತಿರದಿಂದ ನೋಡಬಹುದು. ಅಲ್ಲಿಂದ ಹೊರಬಂದ ಮೇಲೆ ಗಿರ್ಮಿಟ್, ಮಿರ್ಚಿ ಕೊಡಿಸಿ. ಆಮೇಲೆ ಪ್ಲಾಟ್‌ಫಾರ್ಮ್ ಟಿಕೆಟ್‌ನ ಮಾತು ತೆಗೆಯಿರಿ. ಈ ಅನುಕ್ರಮ ತಪ್ಪಿಸಬೇಡಿ.

ಊಟದ ಹೊತ್ತಿಗೆ ಮನೆ ಸೇರಿ. ಗಾಡಿ ತಡವಾಯಿತು ಅನ್ನುವ ನೆಪ, ಪ್ರಯಾಣವನ್ನೇ ಮಾಡದವರಿಗೆ ನಡೆಯಲ್ಲ.

ಇನ್ನು ಮೊದಲ ದಿನಕ್ಕೆ ಇಷ್ಟು ಮಾಡಿ. ಹಿಂದಿನ ರಾತ್ರಿ ಎನ್‌ಟಿಇಎಸ್‌ನಲ್ಲಿ ನಿಮ್ಮ ಸ್ಟೇಷನ್ನಿಗೆ ಯಾವ ಎರಡು ತಾಸಿನಲ್ಲಿ ಹೆಚ್ಚು ಗಾಡಿ ಬರುತ್ತವೆ ನೋಡಿ. ಆ ಹೊತ್ತಿಗೆ ಹತ್ತು ನಿಮಿಷ ಮೊದಲು ಟಿಕೆಟ್ ತೆಗೆಸಿ. ಎಂಜಿನ್ ನಿಲ್ಲುವ ಕಡೆಯ ಬೆಂಚು ಹಿಡಿಯಿರಿ, ಪ್ಲಾಟ್‌ಫಾರ್ಮಿನ ಇಳಿಜಾರು ಶುರುವಾಗುವ ಜಾಗಕ್ಕಿಂತ ಮುಂದೆ ಹೋಗಬೇಡಿ. ಮೂರೇ ಎಂಜಿನ್ ನಂಬರ್ ಬರೆದುಕೊಳ್ಳಿ. ನಾಲ್ಕನೆಯದು ಬಂದರೂ ಪೆನ್ನು ಜೇಬಿಗೆ ಹಾಕಿ, ಚಹಾ ತೆಗೆದುಕೊಂಡು ಅದನ್ನು ಸುಮ್ನೆ ನೋಡಿ.